ಕಂದೀಲು ಚಾಚಾನ ಅಂಗೈ

ಗಂಗಾವತಿಯ ಬಜಾರಿನಲ್ಲಿ ಕಂದೀಲು ರಿಪೇರಿ ಮಾಡುತ್ತಿದ್ದ ಚಾಚಾನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಕೈ. ಗಿರಾಕಿಗೆ ಗಾಜು ಕೊಟ್ಟರೂ ಮುಚ್ಚಳ ಕೊಟ್ಟರೂ ಆ ಕೈ ಅಡ್ಡ ಚಾಚಿ, "ಹೊಂದತೈತೇನು, ಇಲ್ಲೇ ನೋಡ್ರಿ" ಎನ್ನುತ್ತಿದ್ದರು. ಸೈನ್ಯದಲ್ಲಿದ್ದು ಲಡಾಯಿಯಿಂದ ಬಂದವರ ಹುಚ್ಚು ಎಂದು ಜನ ನಗುತ್ತಿದ್ದರು.

ಒಂದು ಸಂಜೆ ನಾನು ಅವಸರದಲ್ಲಿ ನೋಡದೆಯೇ ಗಾಜು ಒಯ್ದೆ. ಮನೆಯ ಕಂದೀಲಿಗೆ ಅದು ಹೊಂದಲಿಲ್ಲ. ಮರಳಿ ಬಂದು, ಮಾತಾಡದೆ ಅವರ ಅಂಗೈಯಲ್ಲಿಟ್ಟೆ. ಚಾಚಾ ಅದನ್ನು ಕೆಳಗಿಟ್ಟು ಹೇಳತೊಡಗಿದರು:

"ಲಡಾಯ್ಯಾಗ ನಮ್ಮ ಬಾಜೂಕ ಬ್ಯಾರೆ ಮುಲ್ಕಿನ ಪಲ್ಟಣ ಇತ್ತವ್ವಾ, ದೋಸ್ತರದು. ಗುಂಡು ತೀರಿದ್ವು ಅಂದ್ರು. ನಮ್ಮ ಗುಂಡಿನ ಪೆಟಗಿ ಎಳಕೋತ, ತೆವಳಕೋತ ಹೋದೆ. ನಮಗೂ ಅವರಿಗೂ ದುಶ್ಮನ್ ಒಬ್ಬನ, ಬಂದೂಕ ಬ್ಯಾರೆ ಬ್ಯಾರೆ. ನಮ್ಮ ಗುಂಡು ಅವರ ಬಂದೂಕಿಗೆ ಹೊಂದತೈತೇನು ಅಂತ ಯಾವ ಸಾಹೇಬನೂ ಮೊದ್ಲ ನೋಡಿರಲಿಲ್ಲ. ಅವರಾಗ ಒಬ್ಬಾವ ಗುಂಡು ಹಾಕಿ ನೋಡಿದ, ಹೊಂದಲಿಲ್ಲ. ಬೈಲಿಲ್ಲವ್ವಾ. ಹಿಂಗ, ನನ್ನ ಕೈಯಾಗ ವಾಪಸ್ ಇಟ್ಟ. ಆ ಖಂದಕದಿಂದ ಆಮ್ಯಾಲ ಒಬ್ಬರೂ ಎದ್ದು ಬರಲಿಲ್ಲ."

ಬೇರೆ ಗಾಜು ಹುಡುಕಿ ಕೊಟ್ಟರು. ಈ ಸಲ ನಾನೇ ಮನೆಯಿಂದ ಕಂದೀಲು ತಂದು ಅಲ್ಲೇ ಗಾಜು ಕೂಡಿಸಿ, "ಹೊಂದತೈತಿ ಚಾಚಾ" ಎಂದೆ. ಅವರು ತಲೆ ಎತ್ತಲಿಲ್ಲ. ಖಾಲಿ ಅಂಗೈಯನ್ನೇ ನೋಡುತ್ತಿದ್ದರು. ಅಂದು ಕತ್ತಲಾದರೂ ಅವರ ಅಂಗಡಿಯಲ್ಲಿ ದೀಪ ಹಚ್ಚಲಿಲ್ಲ.