ಕುಲುಮೆ ನೋಡಿಕೊಳ್ಳುತ್ತಿದ್ದ ಮುರುಗೇಶಣ್ಣ

ಮೂರು ವರ್ಷದ ಹಿಂದಿನ ಮಾತು. ಭದ್ರಾವತಿಯ ಸಣ್ಣ ಕಾರ್ಖಾನೆಯೊಂದರ ಕುಲುಮೆಯ ಮುಂದೆ ನಾವು ಮೂವರು ನಿಂತಿದ್ದೆವು: ಮಾಲೀಕರು, ಇಪ್ಪತ್ತೆಂಟು ವರ್ಷದಿಂದ ಆ ಕುಲುಮೆ ನೋಡಿಕೊಂಡಿದ್ದ ಮುರುಗೇಶಣ್ಣ, ಶಿವಮೊಗ್ಗದ ಗೋಪಾಳದಿಂದ ಲ್ಯಾಪ್‌ಟಾಪ್ ಹಿಡಿದು ಹೋಗಿದ್ದ ನಾನು. ಟ್ರ್ಯಾಕ್ಟರ್ ಗೇರುಗಳನ್ನು ಹದವಾಗಿ ಕಾಯಿಸುವ ಕುಲುಮೆ ಅದು. ಅದರ ಶಾಖವನ್ನು ತಾನೇ ಹಿಡಿತದಲ್ಲಿಡುವ ಕಂಟ್ರೋಲರ್ ಕೂರಿಸುವುದು ನನ್ನ ಕೆಲಸ.

"ಒಂದು ವಾರ ಒಂದು ಗೇರೂ ಕೆಡ್ಬಾರ್ದು. ಆಮೇಲೆ ಇಲ್ಲಿ ಆಳು ಬೇಡ," ಎಂದರು ಮಾಲೀಕರು, ಮುರುಗೇಶಣ್ಣನ ಎದುರಿಗೇ.

ಒಳಗಿನ ಗಾಳಿ, ಇಟ್ಟಿಗೆ, ಕಬ್ಬಿಣ ಎಂದು ಎಲ್ಲವನ್ನೂ ಬೇರೆಬೇರೆ ಲೆಕ್ಕ ಹಾಕುತ್ತಾ ಕೂತರೆ ಮುಗಿಯುವುದಿಲ್ಲ. ಎಲ್ಲ ಸೇರಿ ಒಂದೇ ವಸ್ತು ಎಂದುಕೊಂಡು ಸರಳ ಲೆಕ್ಕ ಮಾಡಿದ್ದೆ. ಮೊದಲೆರಡು ದಿನ ಹೆಚ್ಚು ಕಾದ ಗೇರುಗಳು ಪರೀಕ್ಷೆಯಲ್ಲಿ ಪಟಪಟ ಮುರಿದವು. ಹೊಸ ಗೇರು ತುಂಬಲು ಬಾಗಿಲು ತೆಗೆದಾಗ ಶಾಖ ಬೀಳುತ್ತಿತ್ತು. ಕಂಟ್ರೋಲರ್ ಗಾಬರಿಬಿದ್ದು ಪೂರ್ತಿ ಕರೆಂಟ್ ಕೊಡುತ್ತಿತ್ತು.

ಮೂರನೆಯ ದಿನ ಚಹಾದ ಹೊತ್ತಿಗೆ ಮುರುಗೇಶಣ್ಣ ಪಕ್ಕ ಬಂದು ಕೂತರು. "ನಿಮ್ಮ ಮಿಷನ್ನು ಹೊಸ ಅಳಿಯಂಗೆ ಬಡಿಸೋ ಅತ್ತೆ ಥರ ಸಾರ್. ಸಾಕು ಅಂದ್ರೂ ಸುರೀತದೆ!"

"ಮತ್ತೆ ನೀವೇನ್ ಮಾಡ್ತಿದ್ರಿ ಮಾರಾಯ್ರೆ?"

"ಬಾಗ್ಲು ತೆಗ್ದಾಗ ತಣ್ಣಗಾಗೋದು ಗಾಳಿ. ಇಟ್ಟಿಗೆ ಹಂಗೇ ಸುಡ್ತಾ ಇರ್ತದೆ. ನಾನು ಕೈ ಕಟ್ಕೊಂಡು ನಿಂತ್ಬಿಡ್ತೀನಿ. ಅರ್ಧ ಶಾಖ ಅದೇ ವಾಪಸ್ ಬರ್ತದೆ. ಆಮೇಲೆ ಸ್ವಲ್ಪ ಸ್ವಲ್ಪ ಕೊಡೋದು."

ಗೇರು ಕಡಿಮೆ ಇದ್ದರೆ ಎಷ್ಟು ಹೊತ್ತು ಕಾಯಬೇಕು, ಕರೆಂಟ್ ಏರುಪೇರಾದರೆ ಏನು ಮಾಡಬೇಕು, ಎಲ್ಲ ಹೇಳಿದರು. ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು.

"ಇದು ಸರಿಹೋದ್ರೆ ನಿಮ್ಮ ಕೆಲ್ಸ ಹೋಗ್ತದಲ್ಲ ಮುರುಗೇಶಣ್ಣ?"

"ಗೊತ್ತು ಸಾರ್. ಅದ್ಕೇಂತ ಕೆಟ್ಟ ಗೇರು ಹೊರಗೆ ಬಿಡಕ್ಕಾಗ್ತದಾ? ಇಳಿಜಾರಲ್ಲಿ ಮುರಿದ್ರೆ ಟ್ರ್ಯಾಕ್ಟರ್ ಮೇಲೆ ಕೂತಿರೋನ ಗತಿ?"

ನನ್ನ ಸರಳ ಲೆಕ್ಕವನ್ನು ಹಾಗೇ ಇಟ್ಟು, ಅವರ ತಾಳ್ಮೆಯನ್ನಷ್ಟೇ ಅದಕ್ಕೆ ಸೇರಿಸಿದೆ. ಆಮೇಲೆ ಎಷ್ಟು ಗೇರು ತುಂಬಿದರೂ, ಕರೆಂಟ್ ಎಷ್ಟು ಕುಣಿದರೂ ಶಾಖ ಕದಲಲಿಲ್ಲ. ಒಂದು ಗೇರೂ ಕೆಡದೆ ವಾರ ಕಳೆದಾಗ ಮಾಲೀಕರು ನನ್ನ ಬೆನ್ನು ತಟ್ಟಿದರು. ಇದರಲ್ಲಿ ಅರ್ಧ ಮುರುಗೇಶಣ್ಣನದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಾಲೀಕರ ಇನ್ನೊಂದು ಕುಲುಮೆಯ ಕೆಲಸವೂ ನನಗೇ ಸಿಗಲಿ ಎಂಬ ಆಸೆಗೆ ಅದನ್ನು ನುಂಗಿಕೊಂಡೆ. ಆ ಶನಿವಾರವೇ ಮುರುಗೇಶಣ್ಣನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಹೇಳಿದ್ದರೆ ಉಳಿಸಿಕೊಳ್ಳುತ್ತಿದ್ದರೋ ಏನೋ. ನಾನಂತೂ ಹೇಳಲಿಲ್ಲ. ಅದು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ.

ಹೋದ ಬೇಸಿಗೆಯಲ್ಲಿ ಮಗಳನ್ನು ತ್ಯಾವರೆಕೊಪ್ಪದ ಸಫಾರಿಗೆ ಹುಲಿ ತೋರಿಸಲು ಕರೆದುಕೊಂಡು ಹೋಗಿದ್ದೆ. ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಮುರುಗೇಶಣ್ಣ ಸೌತೆಕಾಯಿ ಹೆಚ್ಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ಕುಲುಮೆ ಹೆಂಗಿದೆ ಸಾರ್? ಗೇರು ಕೆಟ್ಟಿಲ್ವಲ್ಲ?"

"ಇಲ್ಲ ಮುರುಗೇಶಣ್ಣ."

"ಅಷ್ಟು ಸಾಕು."

ಮಗಳಿಗೆ ಖಾರ ಕಡಿಮೆ ಹಾಕಿದ ಸೌತೆಕಾಯಿ ಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದರು.