ಎರಡು ಸಲ ಸಮ ಚಿಹ್ನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆಗೆ ಕಂಪ್ಯೂಟರ್ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಬಂದ ದಿನ ಪೆಚ್ಚಾಗಿ ನಿಲ್ಲುವುದು ಬೇಡವೆಂದು ಭಾನುವಾರಗಳಲ್ಲಿ ಬಸ್ ಹಿಡಿದು ಸಿಂಧನೂರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಹೊರಟೆ.

ಗೊಬ್ಬರದ ಅಂಗಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ, ಕಲಿಸಲು ನಿಂತವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಏಳನೇ ತರಗತಿಯಲ್ಲಿ ಭಾಗಾಕಾರ ಮಾಡಿ ಶೇಷ ಬರೆಯಲು ಮರೆಯುತ್ತಾಳೆಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ನೀ ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ, ಉಳಿದವರ ಎದುರು ಮೇಡಂ ಎಂದೆ. ಅವಳು ನಾಚಿಕೊಂಡು ನನಗೆ ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟಳು.

ಆವತ್ತಿನ ಪಾಠ ಆಪರೇಟರುಗಳದು. ಕೂಡಿಸುವ, ಕಳೆಯುವ ಚಿಹ್ನೆ ನಮ್ಮವೇ. ಗುಣಿಸಲು ನಕ್ಷತ್ರ, ಭಾಗಿಸಲು ಓರೆಗೀಟು. ಇಷ್ಟೇ ತಾನೆ ಅಂದುಕೊಂಡು ಹದಿನೇಳನ್ನು ಐದರಿಂದ ಭಾಗಿಸಿದೆ. ಪರದೆಯ ಮೇಲೆ ಬರೀ ಮೂರು ಬಂತು. ಯಂತ್ರ ಕೆಟ್ಟಿದೆ ಎಂದೆ. ಅವಳು ನಗು ತಡೆದುಕೊಂಡು, ಎರಡೂ ಪೂರ್ಣ ಸಂಖ್ಯೆಯಾದರೆ ಉತ್ತರವೂ ಪೂರ್ಣ ಸಂಖ್ಯೆಯೇ, ಉಳಿದದ್ದನ್ನು ಅದು ಬಿಟ್ಟುಬಿಡುತ್ತದೆ ಎಂದು ತಿಳಿಸಿದಳು.

“ಶೇಷ ಬೇಕಂದ್ರ ಬ್ಯಾರೆ ಕೇಳ್ಬೇಕ್ರಿ ಟೀಚರ್.”

ಕೇಳುವುದು ಶೇಕಡಾ ಚಿಹ್ನೆಯಿಂದ. ಇಲ್ಲಿ ಅದಕ್ಕೂ ನೂರಕ್ಕೂ ಸಂಬಂಧವೇ ಇಲ್ಲವಂತೆ. ಹಾಕಿದೆ, ಎರಡು ಬಂತು. ಬೆಂಚಿನ ವಿಷಯ ಅವಳಿಗೆ ನೆನಪಿದೆಯೋ ಎಂದು ಮುಖ ನೋಡಿದೆ. ನೆನಪಿತ್ತು. ಇಬ್ಬರೂ ನಕ್ಕೆವು.

ಮೂರನೇ ವಾರ ಹುರುಪಿನಲ್ಲಿ ನಮ್ಮ ಮಕ್ಕಳಿಗಾಗಿ ಒಂದು ಪ್ರೋಗ್ರಾಂ ಬರೆದೆ. ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು ಎಂದು ಕಂಪ್ಯೂಟರ್ ಕೇಳಬೇಕು. ಐದೆಂದರೆ ಸರಿ, ಇಲ್ಲವಾದರೆ ತಪ್ಪು ಎನ್ನಬೇಕು. ಐದು ಒತ್ತಿದೆ, ಸರಿ ಎಂದಿತು. ಒಂಬತ್ತು ಒತ್ತಿದೆ, ಅದಕ್ಕೂ ಸರಿ. ನೂರಕ್ಕೂ ಸರಿ. ಇಷ್ಟು ಧಾರಾಳ ಮನಸ್ಸಿನ ಮಾಸ್ತರನನ್ನು ನಾನು ಕಂಡಿರಲಿಲ್ಲ. ಮೂರು ಸಲ ಓದಿದರೂ ತಪ್ಪು ಸಿಗದೆ ಅವಳನ್ನು ಕರೆದೆ. ಅವಳು ಬೆರಳಿಟ್ಟದ್ದು, ಉತ್ತರ ಐದಕ್ಕೆ ಸಮವಾದರೆ ಎಂದು ನಾನು ಬರೆದ ಸಾಲಿನ ಸಮ ಚಿಹ್ನೆಯ ಮೇಲೆ. ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದ ಚಿಹ್ನೆ ತಪ್ಪೆಂದರೆ ಸಿಟ್ಟು ಬರುವುದಿಲ್ಲವೇ? ಅದರಲ್ಲೇನು ತಪ್ಪು ಎಂದು ಕೇಳಿದೆ.

“ಒಂದ್ ಹಾಕಿದ್ರ, ಐದು ಅಂತ ನೀವ ಹೇಳಿಕೊಟ್ಟಂಗ್ರಿ. ಎರಡು ಹಾಕಿದ್ರ, ಐದು ಐತೇನು ಅಂತ ಕೇಳಿದಂಗ.”

ಅಂದರೆ ಮಗು ಏನೇ ಬರೆಯಲಿ, ನಾನೇ ಅಳಿಸಿ ಐದು ಬರೆದು, ನಾನೇ ಸರಿ ಹಾಕುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಸಮ ಚಿಹ್ನೆ ಒತ್ತಿದೆ. ಒಂಬತ್ತಕ್ಕೆ ತಪ್ಪು ಎಂದು ಬಂತು. ಆ ಮಾತು ಓದಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಸೋಮವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಕಂಪ್ಯೂಟರ್ ಯಾವಾಗ ಬರುತ್ತದೆಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಬರುವ ತನಕ ನಾನೇ ಕಂಪ್ಯೂಟರ್ ಎಂದು ಮೇಜಿನ ಹಿಂದೆ ಕೂತು, ಅವರು ಬೋರ್ಡಿನ ಮೇಲೆ ಬರೆದದ್ದನ್ನು ಬರೆದ ಹಾಗೆಯೇ ಮಾಡಿ ತೋರಿಸಿದೆ. ಮುಂದಿನ ಪೀರಿಯಡ್ಡಿನ ಹಿಂದಿ ಮಾಸ್ತರರು ಬಾಗಿಲಲ್ಲಿ ನಿಂತು ಕೆಮ್ಮುವವರೆಗೂ ಆಟ ನಡೆಯಿತು.