ದೆವ್ವಕ್ಕೊಂದು ಬಯೊಡೇಟಾ

ನನಗೆ ಮೂವತ್ತೊಂದು ತುಂಬಿದ ವರ್ಷ ನಮ್ಮ ಡೊಂಬಿವಲಿ ಮನೆಯ ಬೆಲ್ಲನ್ನು ಎಲ್ಲರಿಗಿಂತ ಹೆಚ್ಚು ಸಲ ಒತ್ತಿದವರು ಕಲ್ಯಾಣದ ಮಾಮಿ. ಸಂಬಂಧದಲ್ಲಿ ನಮಗೆ ಏನೂ ಅಲ್ಲ. ಠಾಣೆಯಿಂದ ಪನ್ವೇಲ್‌ವರೆಗೆ ಹರಡಿಕೊಂಡ ನಮ್ಮ ಕರಾವಳಿ ಊರಿನ ಕಡೆಯವರ ಗಂಡು ಹೆಣ್ಣುಗಳನ್ನು ಜೋಡಿಸುವುದು ಅವರ ಚಟ. ಬಂದವರೇ ನೀಲಿ ಫೈಲು ಬಿಚ್ಚುವರು, ಚಹಾ ಕುಡಿಯುವರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಳೆದ ತಿಂಗಳಿಗಿಂತ ಸ್ವಲ್ಪ ದಪ್ಪ ಎಂದು ವರದಿ ಒಪ್ಪಿಸುವರು. ಮದುವೆ ಬೇಡವೆಂದು ನಾನು ಹೇಳಿರಲಿಲ್ಲ. ಮಾಮಿ ತಂದ ಗಂಡುಗಳು ಬೇಡವೆಂದಿದ್ದೆ, ಅಷ್ಟೆ. ಆ ವ್ಯತ್ಯಾಸ ಅವರ ತಲೆಗೆ ಹೋಗುತ್ತಿರಲಿಲ್ಲ.

ನನ್ನ ಸಂಬಂಧಗಳು ಮುರಿಯುವುದಕ್ಕೆ ಮಾಮಿಯ ಬಳಿ ಒಂದು ಕಾರಣ ತಯಾರಿತ್ತು. ಮನೆಯ ದೊಡ್ಡ ಹುಡುಗಿಯನ್ನು ಬಿಟ್ಟು ಸಣ್ಣವಳಿಗೆ ಹುಡುಕಿದರೆ ಹೇಗೆ ಕೂಡಿಬರುತ್ತದೆ ಎನ್ನುವರು. ದೊಡ್ಡ ಹುಡುಗಿ ಎಂದರೆ ನನ್ನ ಅಕ್ಕ. ನಾನು ಹೊಟ್ಟೆಯಲ್ಲಿದ್ದಾಗ, ಅವಳಿಗೆ ಮೂರೂವರೆ ವರ್ಷವಿರುವಾಗ, ಜ್ವರ ಬಂದು ತೀರಿಕೊಂಡಿದ್ದಳು. ನಮ್ಮ ಕಡೆ ಸತ್ತವರೂ ಬೆಳೆಯುತ್ತಾರೆ. ಮಗುವಾಗಿ ಹೋದದ್ದು ಮನೆಯಲ್ಲೇ ಇದ್ದುಕೊಂಡು ದೊಡ್ಡದಾಗುತ್ತದೆ. ವಯಸ್ಸಿಗೆ ಬಂದಾಗ ಅದೇ ಥರ ತೀರಿಕೊಂಡ ಗಂಡನ್ನು ಹುಡುಕಿ, ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ನಮ್ಮವರ ಗೋತ್ರ, ಬೇರೆಯೇ ಎಂದು ನೋಡಿ, ಮಣೆಯ ಮೇಲೆ ಸೀರೆ ಪಂಚೆ ಇಟ್ಟು, ಕರಿಮಣಿ ಕಟ್ಟಿಸಿ, ಎಲೆ ಹಾಕಿ ಬಡಿಸಿ ಪ್ರೇತಮದುವೆ ಮಾಡುತ್ತಾರೆ. ಆಮೇಲೆ ಹುಡುಗಿ ಗಂಡನ ಮನೆಗೆ ಹೋದ ಹಾಗೆ. ಅಮ್ಮ ಅದಕ್ಕೇ ಒಪ್ಪುತ್ತಿರಲಿಲ್ಲ. ಅವಳು ನಮ್ಮಲ್ಲೇ ಇರಲಿ, ಯಾರಿಗೆ ಎಂತ ತೊಂದರೆ ಕೊಟ್ಟಿದ್ದಾಳೆ ಎಂದು ಒಮ್ಮೆ ಹೇಳಿದ್ದು ಬಿಟ್ಟರೆ, ಆ ಮಗುವಿನ ಬಗ್ಗೆ ಅವಳ ಬಾಯಿಂದ ಬೇರೆ ಮಾತು ನಾನು ಕೇಳಿದ್ದಿಲ್ಲ.

ಆ ಮೇ ತಿಂಗಳಲ್ಲಿ ಒಂದು ದೆವ್ವದ ಸಿನೆಮಾದ ಮೂರನೆಯ ಮತ್ತು ಕೊನೆಯ ಭಾಗ ಬಂತು. ಮೊದಲೆರಡನ್ನು ನಾನು ಆಫೀಸಿನವರ ಜೊತೆ ಬೆರಳ ಸಂದಿಯಿಂದ ನೋಡಿ, ಮರುದಿನ ಏನೂ ಹೆದರಿಕೆಯಾಗಲಿಲ್ಲ ಎಂದು ಕೊಚ್ಚಿಕೊಂಡವಳು. ಮೂರನೆಯದಕ್ಕೆ ಯಾರೂ ಸಿಗದೆ, ಎಸಿಯ ಆಸೆ ತೋರಿಸಿ ಅಮ್ಮನನ್ನು ಎಳೆದುಕೊಂಡು ಹೋದೆ. ಎರಡು ಭಾಗ ಎಲ್ಲರನ್ನೂ ಗೋಳುಹೊಯ್ದುಕೊಂಡ ಆ ಹೆಣ್ಣುದೆವ್ವ ಯಾರು ಎಂದು ಹೇಳಲು ಈ ಭಾಗ ಎಪ್ಪತ್ತರ ದಶಕಕ್ಕೆ ಹೋಗುತ್ತದೆ. ಬೆಲ್‌ಬಾಟಮ್ಮು, ಮುಖಕ್ಕಿಂತ ದೊಡ್ಡ ಕಪ್ಪು ಕನ್ನಡಕ, ಚುಕ್ಕಿ ಸೀರೆ, ಕೆಂಪು ಫೋನು, ಗೋಡೆಯೆಲ್ಲ ಕಿತ್ತಳೆ ಬಣ್ಣ. ಹುಡುಗಿ ನಿಶ್ಚಿತಾರ್ಥದ ದಿನ ಬಂಗಲೆಯ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾಳೆ. ಎಷ್ಟು ಚೆಂದ ಸಾಯುತ್ತಾಳೆಂದರೆ ಸೆರಗಿನ ಪಿನ್ನು ಕೂಡ ಕದಲುವುದಿಲ್ಲ.

ಥಿಯೇಟರೆಲ್ಲ ಕಿರುಚುತ್ತಿದ್ದರೆ ಅಮ್ಮ ಬ್ಲೌಸಿನ ತೋಳು ನೋಡುತ್ತಿದ್ದಳು. ಇದೇ ಕಟ್ಟಿಂಗ್ ನಾನು ಉಲ್ಹಾಸನಗರದಲ್ಲಿ ಹೊಲಿಸಿದ್ದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಪಕ್ಕದ ಹುಡುಗರು ಶ್ಶ್ ಎಂದರು. ದೆವ್ವ ಗೋಡೆ ಹತ್ತುವಾಗ ಅಮ್ಮ ಪಾಪ ಪಾಪ ಎಂದು ಲೊಚಗುಟ್ಟಿದಳು. ಹೊರಗೆ ಬಂದ ಮೇಲೆ ಅವಳ ತೀರ್ಪು ಬಂತು. ಅದಕ್ಕೊಂದು ಮದುವೆ ಮಾಡಿಬಿಟ್ಟಿದ್ದರೆ ಮೂರು ಮೂರು ಸಿನೆಮಾ ತೆಗೆಯುವ ಅಗತ್ಯವೇ ಇರಲಿಲ್ಲ, ಮನೆಯವರು ಎಂತ ಮಾಡುತ್ತಿದ್ದರು ಎಂದಳು. ಹೇಳಿದವಳೇ ನಾಲಿಗೆ ಕಚ್ಚಿಕೊಂಡು ರಿಕ್ಷಾ ಸ್ಟ್ಯಾಂಡಿನತ್ತ ಬಿರಬಿರನೆ ನಡೆದುಬಿಟ್ಟಳು.

ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು. ಮರುದಿನ ಆಫೀಸಿನಲ್ಲಿ ಕೂತು ಆ ದೆವ್ವಕ್ಕೆ ಬಯೊಡೇಟಾ ಟೈಪ್ ಮಾಡಿದೆ. ಎತ್ತರ ಐದು ನಾಲ್ಕು. ಬಣ್ಣ ಅತಿ ಬಿಳುಪು. ಕೂದಲು ಉದ್ದ, ಬಿಚ್ಚಿಯೇ ಇರುತ್ತದೆ. ಸ್ವಭಾವ ಮೌನ, ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಹವ್ಯಾಸ ರೇಡಿಯೊ ಮತ್ತು ಮೆಟ್ಟಿಲು ಹತ್ತಿಳಿಯುವುದು. ಸ್ವಂತ ಬಂಗಲೆ. ಹುಟ್ಟಿದ ವರ್ಷವನ್ನು ಸಿನೆಮಾದ ಲೆಕ್ಕದಲ್ಲೇ ಹಾಕಿದೆ, ನಿಶ್ಚಿತಾರ್ಥದ ದಿನವೇ ದೇಹಾಂತ ಎಂದೂ ಬರೆದೆ. ಬಳಿಯ ಜಾಗ ಖಾಲಿ ಬಿಡಬಾರದೆಂದು ನಮ್ಮದೇ ಬಳಿ ತುಂಬಿದೆ. ಮಾಮಿ ಮುಂದಿನ ಸಲ ಬಂದಾಗ ಗಂಭೀರ ಮುಖ ಮಾಡಿ ಕೈಗಿಟ್ಟೆ. ಓದಿ ಬೈದು ಹೋಗಲಿ, ಇನ್ನು ಆರು ತಿಂಗಳು ಈ ಕಡೆ ತಲೆ ಹಾಕದಿರಲಿ ಎಂದು ನನ್ನ ಹಂಚಿಕೆ.

ಮಾಮಿ ಕನ್ನಡಕ ಏರಿಸಿ ಎರಡು ಸಲ ಓದಿದರು. ಬೈಯಲಿಲ್ಲ, ಬಳಿ ನೋಡಿ ನಮ್ಮ ಕುಟುಂಬದಲ್ಲೇ ಹಿಂದೆ ತೀರಿಕೊಂಡ ಯಾರೋ ಹುಡುಗಿ ಎಂದುಕೊಂಡರು. ನನ್ನ ತಲೆ ಸವರಿ, ಕೊನೆಗೂ ಬುದ್ಧಿ ಬಂತಲ್ಲ ಮಗಾ ಎಂದು ಹಾಳೆಯನ್ನು ಫೈಲಿನ ಹಿಂಬದಿಯ ಬೇರೆ ಖಾನೆಗೆ ಸೇರಿಸಿದರು. ಅವರ ಫೈಲಿನಲ್ಲಿ ಸತ್ತವರಿಗೂ ಒಂದು ಖಾನೆ ಉಂಟೆಂದು ನನಗೆ ಅಂದೇ ಗೊತ್ತಾದದ್ದು. ಆಗಲೇ ಬಾಯಿಬಿಡಬೇಕಿತ್ತು. ನಗು ತಡೆಯಲು ಅಡುಗೆಮನೆಗೆ ಓಡಿದೆ, ಶುದ್ಧ ಕತ್ತೆ.

ಮೂರು ವಾರ ಕಳೆದು ಮಾಮಿಯ ಫೋನು ಬಂತು. ಗಂಡು ಸಿಕ್ಕಿದೆ, ಕಾಮೋಠೆ, ಬಳಿ ಬೇರೆ, ಒಳ್ಳೆಯ ಮನೆ. ಹತ್ತೊಂಬತ್ತು ವರ್ಷಕ್ಕೆ ಕಾಮಾಲೆಯಾಗಿ ಹೋದ ಹುಡುಗ, ಈಗಿದ್ದಿದ್ದರೆ ಮೂವತ್ತೆಂಟು. ಹುಡುಗಿಗೆ ಅರವತ್ತು ದಾಟಿದೆಯಲ್ಲ ಮಾಮಿ ಎಂದು ತೊದಲಿದೆ. ಹುಡುಗನ ತಾಯಿಗೂ ಅದನ್ನು ಹೇಳಿದ್ದರಂತೆ. ನನಗಿಂತ ಒಂದು ವರ್ಷ ದೊಡ್ಡ ಸೊಸೆ ಎಂದು ಆ ಹೆಂಗಸು ನಕ್ಕು, ಇರಲಿ, ಹತ್ತು ವರ್ಷದಿಂದ ಹುಡುಕಿ ಸಾಕಾಗಿದೆ, ಬರುವುದಾದರೆ ಬರಲಿ ಎಂದರಂತೆ. ಸೀರೆಯೂ ತಂದಾಗಿದೆಯಂತೆ. ನನ್ನ ನಗು ಆಗ ನಿಂತಿತು. ನಾನು ಆಡಿದ ಆಟಕ್ಕೆ ಕಾಮೋಠೆಯಲ್ಲಿ ಯಾರೋ ಒಬ್ಬರು ಸೀರೆ ಆರಿಸಿದ್ದರು.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನ ಹಾಳೆಯನ್ನು ಪೂರ್ತಿ ಓದಿಸಿ ಕೇಳಿ, ಮೆಟ್ಟಿಲಿನ ಹವ್ಯಾಸಕ್ಕೆ ತುಟಿ ಬಿಗಿಹಿಡಿದು, ಆಮೇಲೆ ನನ್ನ ತೋಳಿನ ಚರ್ಮ ಹಿಡಿದು ಹಿಂಡಿದಳು. ನಾನು ಫೋನಿನಲ್ಲಿ ಕ್ಷಮೆ ಕೇಳುತ್ತೇನೆ ಎಂದೆ.

"ಫೋನಲ್ಲಿ ಹೇಳುವ ಸಂಗತಿಯಾ ಇದು? ನಡಿ, ನಾನೂ ಬರ್ತೇನೆ."

ಭಾನುವಾರ ಬೆಳಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಲೋಕಲ್ ಹಿಡಿದೆವು. ಅಮ್ಮ ದಾರಿಯುದ್ದಕ್ಕೂ ಕಿಟಕಿ ನೋಡುತ್ತಿದ್ದಳು. ಕಾಮೋಠೆಯ ಮನೆ ನಾಲ್ಕನೆಯ ಮಹಡಿಯ ಒಂದು ಬೆಡ್‌ರೂಮಿನದು. ಹುಡುಗನ ತಾಯಿ ಬಾಗಿಲಲ್ಲೇ ನಿಂತಿದ್ದರು. ಹೆಣ್ಣಿನ ಕಡೆಯವರೆಂದು ನಮಗೆ ಬೆಲ್ಲ ನೀರು ಕೊಟ್ಟರು. ಗೋಡೆಯ ಮೇಲೆ ಈಗಷ್ಟೇ ಮೀಸೆ ಚಿಗುರಿದ ಹುಡುಗನ ಫೋಟೊ, ಅದರ ಕೆಳಗೆ ತಟ್ಟೆಯಲ್ಲಿ ಹಸಿರು ಸೀರೆ, ಬಳೆ. ಬಳೆಯ ಅಳತೆ ಗೊತ್ತಿರಲಿಲ್ಲ, ದೊಡ್ಡದಾದರೆ ಅಂಗಡಿಯವ ಬದಲಿಸಿ ಕೊಡ್ತಾನಂತೆ ಎಂದರು.

ನಾನು ಹೇಳಿದೆ. ಸಿನೆಮಾ, ದೆವ್ವ, ಮಾಮಿಯ ಮೇಲಿನ ಸಿಟ್ಟು, ಒಂದೂ ಬಿಡದೆ ಹೇಳಿದೆ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಹಾಗಾದರೆ ಹುಡುಗಿ ಇಲ್ಲ ಎಂದಾಯ್ತು ಎಂದಷ್ಟೇ ಹೇಳಿ, ತಟ್ಟೆಯಿಂದ ಸೀರೆ ತೆಗೆದು ಕವರಿನೊಳಗೆ ತುರುಕಲು ನೋಡಿದರು. ಮಡಿಕೆ ಸರಿ ಬರಲಿಲ್ಲ. ಮತ್ತೆ ಬಿಡಿಸಿ ಮತ್ತೆ ಮಡಿಸಿದರು.

ಅಮ್ಮ ಎದ್ದು ಸೀರೆಯ ಇನ್ನೊಂದು ತುದಿ ಹಿಡಿದಳು. ಮಡಿಸಲು ಸಹಾಯ ಮಾಡುತ್ತಾಳೆ ಎಂದುಕೊಂಡೆ. ಅವಳು ಹಿಡಿದ ತುದಿಯನ್ನು ಬಿಡದೆ ಫೋಟೊದ ಹುಡುಗನನ್ನು ನೋಡುತ್ತ ನಿಂತಳು.

"ಹುಡುಗಿ ಇದ್ದಾಳೆ. ನನ್ನ ದೊಡ್ಡವಳು. ಈಗ ಮೂವತ್ತೈದು."

ಆ ಹೆಂಗಸು ಸೀರೆ ಹಿಡಿದುಕೊಂಡೇ ಅಮ್ಮನ ಪಕ್ಕ ಕೂತರು. ಎಷ್ಟು ವರ್ಷಕ್ಕೆ ಹೋದಳು ಎಂದು ಕೇಳಿದರು. ಅಮ್ಮ ಹೇಳಿದಳು. ಇವರ ಮಗನ ಬಗ್ಗೆ ಅಮ್ಮ ಕೇಳಿದಳು. ಬಳಿಯ ಮಾತು, ಇಂಥ ಮದುವೆ ನಡೆಯುವ ಆಟಿ ತಿಂಗಳಿನ ಮಾತು, ಎಷ್ಟು ಎಲೆ ಹಾಕುವುದು ಎಂಬ ಮಾತು, ಒಂದು ಗಂಟೆ ಇಬ್ಬರೂ ನನ್ನ ಇರವನ್ನೇ ಮರೆತು ಬೀಗಿತ್ತಿಯರ ಹಾಗೆ ಮಾತಾಡಿದರು. ಅಕ್ಕ ಅನ್ನ ಸಾರಿಗಿಂತ ಮೊಸರನ್ನ ಇಷ್ಟಪಡುತ್ತಿದ್ದಳು ಎಂಬುದು ನನಗೆ ಆ ದಿನ ಗೊತ್ತಾಯಿತು.

ಹೊರಡುವಾಗ ಅಮ್ಮ ಚಪ್ಪಲಿ ಹಾಕಿಕೊಂಡವಳು ತೆಗೆದು ಮತ್ತೆ ಒಳಗೆ ಬಂದಳು. ಹುಡುಗನ ತಾಯಿಯ ಕೈ ಹಿಡಿದುಕೊಂಡಳು.

"ಒಂದು ಹೇಳ್ಲಿಕ್ಕುಂಟು. ಅವಳಿಗೆ ಕತ್ತಲೆ ಅಂದ್ರೆ ಹೆದರಿಕೆ. ಮಲಗುವಾಗ ಒಂದು ದೀಪ ಇಡಿ."